ಫೈಲಿಗೆ ಬಿದ್ದ ಬೀಗ: ರ‍್ಯಾನ್ಸಮ್‌ವೇರ್ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಬಗ್ಗೆ ಮೈಸೂರು, ಮಂಡ್ಯ ಕಡೆಯಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಪತ್ರ ಬರೆದವರ ಹೆಸರು ಬಿಟ್ಟಿದ್ದೇವೆ, ಊರು ಮಾತ್ರ ಇದೆ.

ಪ್ರಶ್ನೆ: ನಮ್ಮದು ಸರಸ್ವತಿಪುರಂನಲ್ಲಿ ಸಣ್ಣ ಫೋಟೊ ಸ್ಟುಡಿಯೊ. ಆಲ್ಬಮ್ ಡಿಸೈನ್ ಮಾಡುವ ಸಾಫ್ಟ್‌ವೇರಿನ ಕ್ರ್ಯಾಕ್ (ದುಡ್ಡು ಕೊಡದೆ ಬಳಸಲು ಮಾಡಿದ ಕಳ್ಳ ಪ್ರತಿ) ಇಳಿಸಿ ಅರ್ಧ ಗಂಟೆ ಆಗಿರಲಿಲ್ಲ, 'ವಿಂಡೋಸ್ ಅಪ್‌ಡೇಟ್ ಆಗುತ್ತಿದೆ' ಅಂತ ಒಂದು ಕಿಟಕಿ ಬಂತು. ಆಮೇಲೆ ನೋಡಿದರೆ ಮೂರು ಮದುವೆಗಳ ಫೋಟೊ, ವಿಡಿಯೊ ಎಲ್ಲದರ ಹೆಸರಿಗೂ ನಾಲ್ಕಕ್ಷರದ ಹೊಸ ಬಾಲ. ಒಂದೂ ತೆರೆಯುತ್ತಿಲ್ಲ. ಪ್ರತಿ ಫೋಲ್ಡರಿನಲ್ಲೂ 'ರೀಡ್‌ಮಿ' ಅನ್ನುವ ಟೆಕ್ಸ್ಟ್ ಫೈಲ್ ಬಿದ್ದಿದೆ. 980 ಡಾಲರ್ ಕೊಡಿ, 72 ಗಂಟೆಯೊಳಗಾದರೆ 490 ಅಂತ ಬರೆದಿದೆ. ಸರ್ವಿಸ್ ಹುಡುಗ ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್ ಅಂತಿದ್ದಾನೆ. ಹೊಡೆಸಲೇ?

ಉತ್ತರ: ಇವತ್ತು ಬೇಡ. ಫಾರ್ಮ್ಯಾಟ್ ಕೊನೆಗೆ ಮಾಡಿಸಲೇಬೇಕು, ಆದರೆ ಅದು ಕಡೆಯ ಕೆಲಸ. ವೈರಸ್ ತೆಗೆಯುವುದೇ ಬೇರೆ, ಫೈಲ್ ವಾಪಸ್ ಪಡೆಯುವುದೇ ಬೇರೆ. ಇವೆರಡನ್ನೂ ಒಂದೇ ಎಂದುಕೊಂಡು ಅವಸರಪಟ್ಟವರೇ ಹೆಚ್ಚು ಕಳೆದುಕೊಳ್ಳುತ್ತಾರೆ.

ನೀವು ಹೇಳಿದ ಲಕ್ಷಣಗಳೆಲ್ಲ, ಅಂದರೆ ಕ್ರ್ಯಾಕ್, ಸುಳ್ಳು ಅಪ್‌ಡೇಟ್ ಕಿಟಕಿ, ಆ ಎರಡು ಮೊತ್ತ, 'ಸ್ಟಾಪ್' ಅಥವಾ 'ಡಿಜೆವಿಯು' ಎಂದು ಕರೆಯುವ ತಳಿಯವು. ಮನೆ ಮತ್ತು ಸಣ್ಣ ಅಂಗಡಿಗಳ ಕಂಪ್ಯೂಟರುಗಳನ್ನು ವರ್ಷಗಟ್ಟಲೆ ಕಾಡಿದ ತಳಿ ಇದು. ಕ್ರ್ಯಾಕ್, ಕಳ್ಳ ಲೈಸೆನ್ಸ್ ಕೀ ಹುಟ್ಟಿಸುವ ಕೀಜನ್, ಆಕ್ಟಿವೇಟರುಗಳ ಹೊಟ್ಟೆಯೊಳಗೆ ಕುಳಿತೇ ಬರುತ್ತದೆ. 'ಮೊದಲು ಆಂಟಿವೈರಸ್ ಆಫ್ ಮಾಡಿ' ಎಂದು ಕ್ರ್ಯಾಕಿನ ಜೊತೆ ಸೂಚನೆ ಇರುತ್ತದಲ್ಲ, ಅಲ್ಲೇ ಅದರ ಅರ್ಧ ಕೆಲಸ ಮುಗಿಯಿತು. ಮಿಕ್ಕರ್ಧ, ವಿಂಡೋಸ್ ಅನುಮತಿ ಕೇಳಿದಾಗ ನಾವು ಒತ್ತುವ 'ಯೆಸ್'.

ಬೀಗದ ವಿಷಯ ಹೀಗೆ. ದೇವಸ್ಥಾನದ ಹುಂಡಿಗೆ ಯಾರು ಬೇಕಾದರೂ ಕಾಸು ಹಾಕಬಹುದು, ತೆಗೆಯಲು ಮಾತ್ರ ಕೀ ಇದ್ದವರೇ ಬರಬೇಕು. ವೈರಸ್ ನಿಮ್ಮ ಕಂಪ್ಯೂಟರಿಗೆ ತರುವುದು ಹುಂಡಿಯ ಬಾಯಿಯನ್ನಷ್ಟೇ. 'ಆರ್‌ಎಸ್‌ಎ' ಎಂಬ ಗೂಢಲಿಪಿ ವಿಧಾನದ 2048 ಬಿಟ್‌ನ ಬೀಗದ ಕೀ ಅವರ ಬಳಿಯೇ ಉಳಿಯುತ್ತದೆ. ಹಾಗಾಗಿ ಆಂಟಿವೈರಸ್ ಹಾಕಿ ವೈರಸ್ಸನ್ನು ಬೇರುಸಹಿತ ಕಿತ್ತರೂ ಫೈಲು ಬೀಗದಲ್ಲೇ ಇರುತ್ತದೆ. ಬಾಲ ಅಳಿಸಿ ಹೆಸರು ಸರಿಮಾಡಿದರೂ ಅಷ್ಟೇ.

ಈಗ ಮಾಡಬೇಕಾದದ್ದು. ಇಂಟರ್ನೆಟ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ, ಚುಚ್ಚಿರುವ ಹಾರ್ಡ್ ಡಿಸ್ಕ್, ಪೆನ್‌ಡ್ರೈವ್ ಎಲ್ಲ ತೆಗೆಯಿರಿ. ಕಣ್ಣೆದುರೇ ಫೈಲುಗಳ ಹೆಸರು ಇನ್ನೂ ಬದಲಾಗುತ್ತಿದ್ದರೆ ಶಟ್‌ಡೌನ್‌ಗೆ ಕಾಯದೆ ಪವರ್ ಬಟನ್ ಒತ್ತಿ ಹಿಡಿದು ಆರಿಸಿ. ಬೆದರಿಕೆ ಪತ್ರದ ಫೋಟೊವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಆಮೇಲೆ ಆ ಹಾರ್ಡ್ ಡಿಸ್ಕನ್ನು ಬಿಚ್ಚಿ ಯುಎಸ್‌ಬಿ ಕೇಸಿಗೆ ಹಾಕಿ, ಇನ್ನೊಂದು ಚೊಕ್ಕ ಕಂಪ್ಯೂಟರಿಗೆ ಜೋಡಿಸಿ, ಬೀಗ ಬಿದ್ದ ಫೈಲುಗಳು, ರೀಡ್‌ಮಿ ಫೈಲು, 'ಸಿ' ಡ್ರೈವಿನಲ್ಲಿ 'ಸಿಸ್ಟಮ್‌ಐಡಿ' ಫೋಲ್ಡರಿನೊಳಗಿರುವ 'ಪರ್ಸನಲ್‌ಐಡಿ' ಫೈಲು, ಎಲ್ಲದರ ಪ್ರತಿಯನ್ನು ಹೊಸ ಡಿಸ್ಕಿಗೆ ಹಾಕಿ. ಅಲ್ಲಿರುವ ಡಾಟ್ ಇಎಕ್ಸ್‌ಇ, ಅಂದರೆ ಒತ್ತಿದರೆ ಓಡುವ ಫೈಲುಗಳನ್ನು ಮುಟ್ಟಬೇಡಿ.

ಆ ಐಡಿಯ ಕೊನೆಯ ಎರಡು ಅಕ್ಷರ ನೋಡಿ. 'ಟಿ1' ಎಂದು ಮುಗಿದಿದ್ದರೆ ಬೀಗ ಹಾಕುವ ಹೊತ್ತಿಗೆ ವೈರಸ್ಸಿಗೆ ತನ್ನ ಸರ್ವರ್ ಸಿಕ್ಕಿರಲಿಲ್ಲ, ಜೊತೆಯಲ್ಲೇ ತಂದ 'ಆಫ್‌ಲೈನ್ ಕೀ' ಬಳಸಿದೆ ಎಂದರ್ಥ. ಅದನ್ನು ಬಿಡಿಸುವ, ಕಳ್ಳರ ಬಳಿ ಇರುವ ಜೋಡಿ ಕೀ, ಹೀಗೆ ಬೀಗ ಬಿದ್ದ ಆ ಬಾಲದ ಎಲ್ಲ ಬಲಿಪಶುಗಳಿಗೂ ಒಂದೇ. ಅದು ಹೊರಬಿದ್ದಿದ್ದರೆ ಎಮ್ಸಿಸಾಫ್ಟ್‌ ಸಂಸ್ಥೆಯ ಉಚಿತ ಡಿಕ್ರಿಪ್ಟರ್ (ಬೀಗ ಬಿಡಿಸುವ ಸಾಫ್ಟ್‌ವೇರ್) ಕೆಲಸ ಮಾಡುತ್ತದೆ. ಬೇರೆ ಏನಾದರೂ ಇದ್ದರೆ ಆನ್‌ಲೈನ್ ಕೀ, ನಿಮ್ಮೊಬ್ಬರಿಗೇ ಮಾಡಿದ್ದು. 2019ರ ಆಗಸ್ಟ್‌ಗೆ ಮುಂಚಿನ ತಳಿಗಳಿಗೆ ಬೇರೆ ದಾರಿ ಇತ್ತು, ಈಗಿನದಕ್ಕೆ ಇಲ್ಲ.

ಆದರೂ ಫೋಟೊ ತೆಗೆಯುವವರಿಗೆ ಒಂದು ಸಂದು ಉಳಿದಿದೆ. ಬೇಗ ಮುಗಿಸುವ ಅವಸರಕ್ಕೆ ಈ ವೈರಸ್ ಇಡೀ ಫೈಲಿಗೆ ಬೀಗ ಹಾಕುವುದಿಲ್ಲ, ಮೊದಲ ಸುಮಾರು 150 ಕೆಬಿಗೆ ಮಾತ್ರ. ಒಂದು ಜೆಪೆಗ್ ಫೋಟೊದ ಪ್ರತಿಯನ್ನು ಹೆಕ್ಸ್ ಎಡಿಟರಿನಲ್ಲಿ (ಫೈಲಿನ ಒಳಗಿನ ಬೈಟುಗಳನ್ನು ಹಾಗೇ ತೋರಿಸುವ ಸಾಫ್ಟ್‌ವೇರ್) ತೆರೆದು ನೋಡಿ. ಸರಿಯಿರುವ ಜೆಪೆಗ್ 'ಎಫ್‌ಎಫ್ ಡಿ8' ಎಂದು ಶುರುವಾಗುತ್ತದೆ. ನಿಮ್ಮದರಲ್ಲೂ ಮೊದಲ ಐದು ಬೈಟು ಹಾಗೇ ಉಳಿದು, ಅಲ್ಲಿಂದ ಮುಂದೆ ಕಲಸುಮೇಲೋಗರ ಕಾಣುತ್ತದೆ. ತೀರಾ ಕೊನೆಗೆ ಹೋದರೆ ರೀಡ್‌ಮಿಯಲ್ಲಿದ್ದ ಅದೇ ಐಡಿ ಅಂಟಿಕೊಂಡಿರುತ್ತದೆ. ನಡುವಿನದೆಲ್ಲ ನಿಮ್ಮ ಫೋಟೊವೇ. 6 ಎಂಬಿಯ ಚಿತ್ರದಲ್ಲಿ ಕೆಟ್ಟಿರುವುದು ನಲವತ್ತರಲ್ಲಿ ಒಂದು ಪಾಲು, ಆದರೆ ಚಿತ್ರವನ್ನು ಹೇಗೆ ಓದಬೇಕೆಂಬ ಕೋಷ್ಟಕಗಳು ಇರುವುದು ಆ ಪಾಲಿನಲ್ಲೇ. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗಿನಲ್ಲಿ ತೆಗೆದ ಇನ್ನೊಂದು ಒಳ್ಳೆ ಫೋಟೊದಿಂದ ಆ ತಲೆಭಾಗವನ್ನು ಎರವಲು ಪಡೆದು ಜೋಡಿಸುವ ಜೆಪೆಗ್ ರಿಪೇರಿ ಸಾಫ್ಟ್‌ವೇರುಗಳಿವೆ. ಮೇಲಿನ ಒಂದು ಪಟ್ಟಿ ಹೋಗುತ್ತದೆ, ಕೆಲವೊಮ್ಮೆ ಬಣ್ಣ ವಾಲುತ್ತದೆ. ಕತ್ತರಿಸಿದರೆ ಆಲ್ಬಮ್ಮಿಗೆ ಬರುತ್ತದೆ.

ವಿಡಿಯೊದಲ್ಲಿ ಫಲ ಇನ್ನೂ ಚೆನ್ನಾಗಿದೆ. ಡಿಸ್ಕ್‌ಟ್ಯೂನ ಎಂಬವರ 'ಮೀಡಿಯಾ ರಿಪೇರ್' ಎಂಪಿ4, ಎಂಒವಿ, ಎಂಪಿ3, ಡಬ್ಲ್ಯುಎವಿ ಫೈಲುಗಳಿಗೆಂದೇ ಇದೆ, ಹಣ ಕೊಡಬೇಕಿಲ್ಲ. ಮಾದರಿಗೆಂದು ಅದೇ ಕ್ಯಾಮೆರಾದ ಒಂದು ಒಳ್ಳೆ ವಿಡಿಯೊ ಕೊಡಬೇಕು. ದೊಡ್ಡ ಜಿಪ್ ಫೈಲುಗಳಿದ್ದರೆ 7-ಜಿಪ್‌ನಲ್ಲಿ ಬಿಚ್ಚಿ ನೋಡಿ. ಸಾಮಾನ್ಯವಾಗಿ ಮೊದಲ ಒಂದೆರಡು ಫೈಲ್ ಹೋಗಿ ಉಳಿದವು ಬರುತ್ತವೆ. 150 ಕೆಬಿಗಿಂತ ಚಿಕ್ಕ ಫೈಲುಗಳಿಗೆ, ಅಂದರೆ ಬಿಲ್ಲು, ವರ್ಡ್ ಪತ್ರಗಳಿಗೆ ಈ ಯಾವುದೂ ನಡೆಯದು.

ಇದೆಲ್ಲಕ್ಕೂ ಮುಂಚೆ ಕ್ಯಾಮೆರಾದ ಮೆಮೊರಿ ಕಾರ್ಡುಗಳನ್ನು ಎತ್ತಿಡಿ. ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿದ ಕಾರ್ಡಿನಿಂದ ಸಾಮಾನ್ಯವಾಗಿ ಅಳಿಯುವುದು ಪರಿವಿಡಿ ಮಾತ್ರ, ಒಳಗಿನ ಫೋಟೊ ಅಲ್ಲ. ಮೇಲೆ ಹೊಸದು ತೆಗೆದಿರದಿದ್ದರೆ 'ಫೋಟೊರೆಕ್' ಎಂಬ ಉಚಿತ ಸಾಫ್ಟ್‌ವೇರ್ ಹೆಕ್ಕಿ ಕೊಡುತ್ತದೆ. ಹೆಕ್ಕಿದ್ದನ್ನು ಅದೇ ಕಾರ್ಡಿಗೆ ಉಳಿಸಬೇಡಿ. ಬರುವ ಭಾನುವಾರದ ಮದುವೆಗೆ ಹೊಸ ಕಾರ್ಡ್ ಕೊಳ್ಳಿ.

ಈಗ ವೈರಸ್ ತೆಗೆಯುವ ಮಾತು. ಈ ತಳಿ ತನ್ನ ಪ್ರತಿಯೊಂದನ್ನು 'ಆ್ಯಪ್‌ಡೇಟಾ' ಒಳಗಿನ 'ಲೋಕಲ್' ಫೋಲ್ಡರಿನಲ್ಲಿ ಅರ್ಥವಿಲ್ಲದ ಉದ್ದ ಹೆಸರಿನ ಫೋಲ್ಡರ್ ಮಾಡಿ ಇಡುತ್ತದೆ, ಟಾಸ್ಕ್ ಷೆಡ್ಯೂಲರಿನಲ್ಲಿ 'ಟೈಮ್ ಟ್ರಿಗರ್ ಟಾಸ್ಕ್' ಎಂಬ ಹೆಸರಿನಲ್ಲಿ ತನ್ನನ್ನು ಮತ್ತೆ ಮತ್ತೆ ಎಬ್ಬಿಸಿಕೊಳ್ಳುತ್ತದೆ. ಆದ್ದರಿಂದಲೇ ಹೊಸದಾಗಿ ಚುಚ್ಚಿದ ಪೆನ್‌ಡ್ರೈವಿಗೂ ಸ್ವಲ್ಪ ಹೊತ್ತಿನಲ್ಲೇ ಬೀಗ ಬೀಳುವುದು. ಆಂಟಿವೈರಸ್ ಕಂಪನಿಗಳ ತಾಣಗಳು ತೆರೆಯದಿದ್ದರೆ ವಿಂಡೋಸಿನ 'ಹೋಸ್ಟ್ಸ್' ಫೈಲ್ ನೋಡಿ, ಅಲ್ಲಿ ಆ ತಾಣಗಳ ಹೆಸರನ್ನೆಲ್ಲ ಸಾಲಾಗಿ ಬರೆದು ದಾರಿ ಮುಚ್ಚಿರುತ್ತದೆ. ವಿಂಡೋಸ್ ಸೆಕ್ಯುರಿಟಿಯಲ್ಲಿ 'ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್' ಆರಿಸಿದರೆ ಕಂಪ್ಯೂಟರ್ ಮರುಚಾಲನೆಯಾಗಿ, ವಿಂಡೋಸ್ ಏಳುವ ಮುಂಚೆಯೇ ಸುಮಾರು 15 ನಿಮಿಷ ಹುಡುಕಿ ತೆಗೆಯುತ್ತದೆ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು, ಆದರೆ ಈ ತಳಿ ಒಂಟಿಯಾಗಿ ಬರುವುದು ಕಡಿಮೆ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಕದಿಯುವ ಇನ್ನೊಂದನ್ನು ಜೊತೆಗೆ ಕರೆತರುತ್ತದೆ. ಬ್ಯಾಂಕ್, ಜಿಮೇಲ್, ಇನ್‌ಸ್ಟಾಗ್ರಾಮ್ ಪಾಸ್‌ವರ್ಡುಗಳನ್ನು ಇವತ್ತೇ ಬೇರೆ ಸಾಧನದಿಂದ ಬದಲಿಸಿ, 'ಎಲ್ಲ ಸಾಧನಗಳಿಂದ ಲಾಗೌಟ್' ಕೊಡಿ. ಪ್ರತಿ ತೆಗೆದದ್ದು ಪಕ್ಕಾ ಆದಮೇಲೆ, ಬೇರೆ ಕಂಪ್ಯೂಟರಿನಲ್ಲಿ 8 ಜಿಬಿ ಪೆನ್‌ಡ್ರೈವಿಗೆ ಮೈಕ್ರೊಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಮೂಲಕ ವಿಂಡೋಸ್ ಹಾಕಿ, ಹಳೆ ಪಾರ್ಟಿಷನ್ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿಸಿ. ನಿಮ್ಮ ಹುಡುಗನ ಫಾರ್ಮ್ಯಾಟಿಗೆ ಸರದಿ ಬರುವುದು ಆಗ.

ಪ್ರಶ್ನೆ: ಮಂಡ್ಯದಲ್ಲಿ ತೆರಿಗೆ ಸಲಹೆಯ ಕಚೇರಿ ಇದೆ. ಆಲೆಮನೆ, ಅಕ್ಕಿ ಗಿರಣಿ, ಮಂಡಿಯವರ ಟ್ಯಾಲಿ ಲೆಕ್ಕವೆಲ್ಲ ಒಂದೇ ಕಂಪ್ಯೂಟರಿನಲ್ಲಿ. ರಿಟರ್ನ್ಸ್ ಸಮಯದಲ್ಲಿ ಮನೆಯಿಂದಲೂ ಕೆಲಸ ಮಾಡಲೆಂದು ರಿಮೋಟ್ ಡೆಸ್ಕ್‌ಟಾಪ್ ಹಾಕಿಸಿದ್ದೆವು. ಸೋಮವಾರ ಬಂದರೆ ಎಲ್ಲ ಫೈಲುಗಳ ಹೆಸರಿನ ಮುಂದೆ ಚೌಕ ಕಂಸದಲ್ಲಿ ಐಡಿ ಸಂಖ್ಯೆ, ಆಮೇಲೆ ಒಂದು ಇಮೇಲ್ ವಿಳಾಸ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ಇ-ಎಲ್-ಬಿ-ಐ-ಇ. ಭಾನುವಾರ ಕಚೇರಿಗೆ ಬೀಗ. ಒಳಗೆ ಯಾರೂ ಇಲ್ಲದಾಗ ಯಾರು ಏನನ್ನು ಕ್ಲಿಕ್ ಮಾಡಿದರು?

ಉತ್ತರ: ನಿಮ್ಮವರು ಯಾರೂ ಕ್ಲಿಕ್ ಮಾಡಿಲ್ಲ. ಬಂದವನು ರಿಮೋಟ್ ಡೆಸ್ಕ್‌ಟಾಪ್ ಬಾಗಿಲಿನಿಂದಲೇ ಬಂದು, ನಿಮ್ಮ ಕುರ್ಚಿಯಲ್ಲಿ ಕುಳಿತಂತೆ ಕೆಲಸ ಮಾಡಿ ಹೋಗಿರುವ ಸಾಧ್ಯತೆ ಹೆಚ್ಚು. ಬಾಲದ ರೂಪ 'ಫೋಬೋಸ್' ಗುಂಪಿನದು. ಅದರ ಮುಖ್ಯ ದಾರಿಯೇ ಇದು.

ಮನೆಯಿಂದ ಕೆಲಸವಾಗಲಿ ಎಂದು ರೌಟರಿನಲ್ಲಿ 3389ನೇ ಪೋರ್ಟನ್ನು (ರಿಮೋಟ್ ಡೆಸ್ಕ್‌ಟಾಪ್ ಬಳಸುವ ಬಾಗಿಲಿನ ಸಂಖ್ಯೆ) ನೇರವಾಗಿ ಒಳಗಿನ ಕಂಪ್ಯೂಟರಿಗೆ ತಿರುಗಿಸಿರುತ್ತಾರೆ. ಇಡೀ ಇಂಟರ್ನೆಟ್ಟಿನಲ್ಲಿ ಈ ಪೋರ್ಟ್ ಎಲ್ಲೆಲ್ಲಿ ತೆರೆದಿದೆ ಎಂದು ತಡಕುವ ಯಂತ್ರಗಳು ಹಗಲೂ ರಾತ್ರಿ ಓಡುತ್ತಲೇ ಇರುತ್ತವೆ. ಸಿಕ್ಕ ಮೇಲೆ ಬಳಕೆದಾರನ ಹೆಸರು 'ಅಡ್ಮಿನ್', 'ಟ್ಯಾಲಿ', 'ಅಕೌಂಟ್ಸ್', ಪಾಸ್‌ವರ್ಡ್ ಅದೇ ಹೆಸರಿನ ಮುಂದೆ 123, ಹೀಗೆ ಸಾವಿರಗಟ್ಟಲೆ ಊಹೆ ಮಾಡುತ್ತವೆ. ಒಂದು ಹೊಂದಿದರೆ ಮನುಷ್ಯ ಒಳಬರುತ್ತಾನೆ. ಆಂಟಿವೈರಸ್ ತೆಗೆಯುತ್ತಾನೆ, ನೆಟ್‌ವರ್ಕಿನಲ್ಲಿ ಇನ್ನೇನಿದೆ ನೋಡುತ್ತಾನೆ, ಬ್ಯಾಕಪ್ ಡಿಸ್ಕ್ ಚುಚ್ಚಿಯೇ ಇದ್ದರೆ ಅದನ್ನೂ ಸೇರಿಸಿಕೊಳ್ಳುತ್ತಾನೆ. ವಿಂಡೋಸ್ ತಾನಾಗಿ ಇಟ್ಟಿರುವ ಹಳೆಯ 'ಶ್ಯಾಡೊ ಕಾಪಿ'ಗಳನ್ನು ಒಂದೇ ಸಾಲಿನ ಆಜ್ಞೆಯಿಂದ ಅಳಿಸುತ್ತಾನೆ. ಕೊನೆಗೆ ಬೀಗ. ಶನಿವಾರ ರಾತ್ರಿ, ಹಬ್ಬದ ರಜೆ ನೋಡಿಕೊಂಡು ಬರುವುದು ಇವರ ಅಭ್ಯಾಸ.

ಖಾತ್ರಿ ಮಾಡಿಕೊಳ್ಳಲು ವಿಂಡೋಸಿನ ದಿನಚರಿ ತೋರಿಸುವ 'ಇವೆಂಟ್ ವ್ಯೂವರ್' ತೆರೆದು 'ಸೆಕ್ಯುರಿಟಿ' ದಾಖಲೆಯಲ್ಲಿ ಘಟನೆಗಳ ಸಂಖ್ಯೆ ನೋಡಿ. 4625 ಎಂದರೆ ವಿಫಲ ಲಾಗಿನ್, ಅದು ನಿಮಿಷಕ್ಕೆ ಹತ್ತಾರು ಸಲ ಸಾಲುಗಟ್ಟಿರುತ್ತದೆ. ನಡುವೆ ಎಲ್ಲೋ ಒಂದು 4624, ಅಂದರೆ ಸಫಲ ಲಾಗಿನ್, ವಿಧ 10 (ರಿಮೋಟ್ ಡೆಸ್ಕ್‌ಟಾಪ್) ಎಂದಿದ್ದರೆ ಅದು ಒಳಬಂದ ಗಳಿಗೆ. ಬಂದ ಐಪಿ ವಿಳಾಸ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. 1102 ಕಂಡರೆ ಹೋಗುವಾಗ ದಾಖಲೆ ಒರೆಸಿ ಹೋಗಿದ್ದಾನೆ. ಇರುವಷ್ಟನ್ನು ಒಂದು ಫೈಲಾಗಿ ಉಳಿಸಿ, ಪೊಲೀಸರಿಗೆ ಬೇಕಾಗುತ್ತದೆ.

ಇನ್ನು ಒಳ್ಳೆ ಸುದ್ದಿ. ಜಪಾನಿನ ರಾಷ್ಟ್ರೀಯ ಪೊಲೀಸ್ ಸಂಸ್ಥೆ 2025ರ ಜುಲೈನಲ್ಲಿ ಫೋಬೋಸ್ ಮತ್ತು ಅದರ ತಮ್ಮ '8ಬೇಸ್' ಎರಡಕ್ಕೂ ಉಚಿತ ಡಿಕ್ರಿಪ್ಟರ್ ಬಿಡುಗಡೆ ಮಾಡಿತು. ಅದು ಬಿಡಿಸುತ್ತದೆಂದು ಹೇಳಿರುವ ಬಾಲಗಳಲ್ಲಿ ನಿಮ್ಮದೂ ಇದೆ. 'ನೋ ಮೋರ್ ರ‍್ಯಾನ್ಸಮ್' ತಾಣದಲ್ಲಿ ಸಿಗುತ್ತದೆ. ಈ ತಾಣವನ್ನು 2016ರಲ್ಲಿ ನೆದರ್‌ಲೆಂಡ್ಸ್ ಪೊಲೀಸರು, ಯುರೋಪೋಲ್ ಮತ್ತು ಎರಡು ಆಂಟಿವೈರಸ್ ಕಂಪನಿಗಳು ಸೇರಿ ಶುರುಮಾಡಿದ್ದು. ಡೌನ್‌ಲೋಡ್ ಮಾಡುವಾಗ ಬ್ರೌಸರ್ ಅಪಾಯವೆಂದು ಎಚ್ಚರಿಸಿದರೂ ಆಶ್ಚರ್ಯವಿಲ್ಲ. ಇಳಿಸುತ್ತಿರುವುದು ಆ ತಾಣದಿಂದಲೇ ಹೌದೇ ಎಂದು ವಿಳಾಸ ನೋಡಿಕೊಳ್ಳಿ. ಮೊದಲು ವಿಂಡೋಸ್ ಹೊಸದಾಗಿ ಹಾಕಿಸಿ. ಬೀಗ ಬಿದ್ದ ಟ್ಯಾಲಿ ಡೇಟಾದ ಪ್ರತಿಯ ಮೇಲೆ, ಅದೂ ಒಬ್ಬ ಕಕ್ಷಿದಾರರ ಒಂದೇ ಫೋಲ್ಡರಿನ ಮೇಲೆ ಪ್ರಯೋಗ ಮಾಡಿ. ಟ್ಯಾಲಿಯಲ್ಲಿ ಪ್ರತಿ ಕಂಪನಿಗೂ ಬರೀ ಅಂಕೆಯ ಹೆಸರಿನ ಒಂದು ಫೋಲ್ಡರ್ ಇರುತ್ತದಲ್ಲ, ಅದನ್ನು ಇಡಿಯಾಗಿ ತೆಗೆದುಕೊಳ್ಳಿ. ಒಳಗಿನ ಒಂದು ಫೈಲ್ ಬಿಟ್ಟರೂ ಕಂಪನಿ ತೆರೆಯದೆ ಹೋಗಬಹುದು. ಬಿಡಿಸಿದ ಮೇಲೆ ಮಾರ್ಚ್ ಕೊನೆಯ ಬ್ಯಾಲೆನ್ಸನ್ನು ಕಾಗದದ ಪ್ರತಿಯೊಡನೆ ತಾಳೆ ನೋಡಿ.

ಬಾಗಿಲು ಮುಚ್ಚದೆ ಕೆಲಸ ಶುರುಮಾಡಿದರೆ ಅವನು ಮುಂದಿನ ಶನಿವಾರವೂ ಬರಬಹುದು. ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ತೆಗೆಸಿ, ಯುಪಿಎನ್‌ಪಿ (ಒಳಗಿನ ಸಾಧನಗಳು ತಾವೇ ಪೋರ್ಟ್ ತೆರೆಸಿಕೊಳ್ಳುವ ಸೌಲಭ್ಯ) ಆಫ್ ಮಾಡಿಸಿ. 3389 ಬದಲು 3390 ಹಾಕಿದರೆ ಸಾಕು ಎನ್ನುವವರ ಮಾತು ಕೇಳಬೇಡಿ, ತಡಕುವ ಯಂತ್ರಕ್ಕೆ ಅದೇನು ದೊಡ್ಡ ವಿಷಯವಲ್ಲ. ಮನೆಯಿಂದ ಕೆಲಸ ಬೇಕೇ ಬೇಕೆಂದರೆ ವೈರ್‌ಗಾರ್ಡ್ ಅಥವಾ ಓಪನ್‌ವಿಪಿಎನ್ ಎಂಬ ಖಾಸಗಿ ಸುರಂಗದ (ವಿಪಿಎನ್) ಒಳಗಿನಿಂದ ಮಾತ್ರ. ಐದು ತಪ್ಪು ಪಾಸ್‌ವರ್ಡಿಗೆ ಖಾತೆ ಮುಚ್ಚುವಂತೆ ಮಾಡಿ. ದಿನದ ಟ್ಯಾಲಿ ಕೆಲಸಕ್ಕೆ ಅಡ್ಮಿನ್ ಅಲ್ಲದ ಸಾದಾ ಖಾತೆ ಸಾಕು. ಆ ಕಂಪ್ಯೂಟರಿನಿಂದ ಜಿಎಸ್‌ಟಿ, ಆದಾಯ ತೆರಿಗೆ ಪೋರ್ಟಲ್‌ಗಳಿಗೆ ಹೋಗುತ್ತಿದ್ದ ಕಕ್ಷಿದಾರರ ಪಾಸ್‌ವರ್ಡುಗಳೆಲ್ಲ ಅವನ ಕೈಗೆ ಸಿಕ್ಕಿವೆ ಎಂದೇ ಭಾವಿಸಿ ಬದಲಿಸಿ. ಕಕ್ಷಿದಾರರಿಗೆ ಫೋನ್ ಮಾಡಿ ಹೇಳುವುದು ಮುಜುಗರದ ಕೆಲಸ, ಆದರೂ ಹೇಳಲೇಬೇಕು.

ಪ್ರಶ್ನೆ: ಪಾಂಡವಪುರ ತಾಲ್ಲೂಕಿನ ಸಹಕಾರ ಸಂಘದಲ್ಲಿ ಗುಮಾಸ್ತ. ದಿನಕ್ಕೆ ಇಪ್ಪತ್ತು ಮೇಲ್ ಬರುತ್ತವೆ, ಬಿಲ್ಲು, ಸುತ್ತೋಲೆ ಎಲ್ಲ ಅದರಲ್ಲೇ. 'ಅಟ್ಯಾಚ್‌ಮೆಂಟ್ ತೆರೆಯಬೇಡಿ' ಅಂತ ಎಲ್ಲರೂ ಹೇಳ್ತಾರೆ. ತೆರೆಯದೆ ಕೆಲಸ ಹೇಗೆ ಮಾಡೋದು?

ಉತ್ತರ: ತೆರೆಯಬೇಡಿ ಅನ್ನುವುದು ಸಲಹೆಯೇ ಅಲ್ಲ. ಏನನ್ನು ತೆರೆಯುತ್ತಿದ್ದೀರೆಂದು ಕಾಣುವಂತೆ ಮಾಡಿಕೊಳ್ಳಿ, ಅಷ್ಟು ಸಾಕು.

ವಿಂಡೋಸ್ ಫೈಲಿನ ಕೊನೆಯ ಬಾಲವನ್ನು ಮುಚ್ಚಿಡುತ್ತದೆ. 'ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ' ಎಂಬ ಫೈಲು ನಿಮಗೆ 'ಬಿಲ್ ಡಾಟ್ ಪಿಡಿಎಫ್' ಎಂದಷ್ಟೇ ಕಾಣುತ್ತದೆ, ಚಿತ್ರವೂ ಪಿಡಿಎಫ್‌ನದೇ ಇರುತ್ತದೆ. ಫೈಲ್ ಎಕ್ಸ್‌ಪ್ಲೋರರಿನಲ್ಲಿ 'ವ್ಯೂ', ಅದರಲ್ಲಿ 'ಶೋ', ಅಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಗುರುತು ಹಾಕಿ. ವಿಂಡೋಸ್ 10ರಲ್ಲಿ 'ವ್ಯೂ' ಒತ್ತಿದೊಡನೆ ಅದು ಸಿಗುತ್ತದೆ. ಬಿಲ್ಲಿನ ಹೆಸರಿನಲ್ಲಿ ಇಎಕ್ಸ್‌ಇ, ಎಸ್‌ಸಿಆರ್, ಜೆಎಸ್, ವಿಬಿಎಸ್, ಎಲ್‌ಎನ್‌ಕೆ, ಐಎಸ್‌ಒ ಬಾಲ ಬಂದರೆ ಕಳಿಸಿದವರು ಯಾರೇ ಇರಲಿ, ಅದು ಬಿಲ್ಲಲ್ಲ. ಪಾಸ್‌ವರ್ಡ್ ಹಾಕಿದ ಜಿಪ್ ಕಳಿಸಿ ಪಾಸ್‌ವರ್ಡನ್ನು ಅದೇ ಮೇಲಿನಲ್ಲಿ ಬರೆದಿದ್ದರೆ, ಮೇಲ್ ಸೇವೆಯ ತಪಾಸಣೆಗೆ ಒಳಗಿನದು ಕಾಣದಿರಲಿ ಎಂದೇ ಹಾಗೆ ಮಾಡಿರುತ್ತಾರೆ. ಕಳಿಸಿದವರ ಹಳೆಯ ನಂಬರಿಗೆ ಫೋನ್ ಮಾಡಿ ಕೇಳಿ, ಮೇಲಿನಲ್ಲಿ ಕೊಟ್ಟಿರುವ ನಂಬರಿಗಲ್ಲ.

ಜೆಎಸ್ ಫೈಲುಗಳ ಮೇಲೆ ರೈಟ್ ಕ್ಲಿಕ್ ಮಾಡಿ 'ಓಪನ್ ವಿತ್'ನಲ್ಲಿ ನೋಟ್‌ಪ್ಯಾಡನ್ನು ಕಾಯಂ ಮಾಡಿಬಿಡಿ. ಆಮೇಲೆ ತಪ್ಪಿ ಎರಡು ಸಲ ಒತ್ತಿದರೂ ಅರ್ಥವಾಗದ ಅಕ್ಷರ ತೆರೆದುಕೊಳ್ಳುತ್ತವೆಯೇ ಹೊರತು ಅದು ಓಡುವುದಿಲ್ಲ. ವರ್ಡ್, ಎಕ್ಸೆಲ್ ಫೈಲುಗಳಲ್ಲಿ 'ಎನೇಬಲ್ ಕಂಟೆಂಟ್' ಎಂಬ ಹಳದಿ ಪಟ್ಟಿ ಬಂದರೆ ಒತ್ತಬೇಡಿ. ಇಂಟರ್ನೆಟ್ಟಿನಿಂದ ಬಂದ ಫೈಲುಗಳ ಮ್ಯಾಕ್ರೊಗಳನ್ನು (ಫೈಲಿನೊಳಗೆ ಅಡಗಿರುವ ಸಣ್ಣ ಪ್ರೋಗ್ರಾಮುಗಳು) ಮೈಕ್ರೊಸಾಫ್ಟ್ 2022ರಿಂದ ತಾನೇ ತಡೆಯುತ್ತಿದೆ, ಆದರೆ ಹಳೆಯ ಆಫೀಸ್ ಇಟ್ಟುಕೊಂಡ ಕಚೇರಿಗಳಿಗೆ ಆ ರಕ್ಷಣೆ ಇಲ್ಲ.

ಯಾರೂ ಏನೂ ತೆರೆಯದೆ ಬಂದದ್ದೂ ಉಂಟು. 2017ರ ಮೇ 12ರಂದು ಹೊರಟ 'ವಾನಾಕ್ರೈ' ವಿಂಡೋಸಿನ ಹಳೆಯ ಫೈಲ್ ಹಂಚಿಕೆ ವ್ಯವಸ್ಥೆಯ, ಅಂದರೆ ಎಸ್‌ಎಂಬಿ ಒಂದನೇ ಆವೃತ್ತಿಯ, ತೂತಿನಿಂದ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ಹಾರಿತು. ಆ ತೂತಿಗೆ ತೇಪೆ ಬಂದು ಆಗಲೇ ಎರಡು ತಿಂಗಳಾಗಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್' ತೆರೆದು 'ಎಸ್‌ಎಂಬಿ 1.0' ಮುಂದಿನ ಗುರುತು ತೆಗೆಯಿರಿ. ತೆಗೆದ ದಿನವೇ ಹಳೆ ಜೆರಾಕ್ಸ್ ಮಷೀನಿನಿಂದ ಕಂಪ್ಯೂಟರಿಗೆ ಸ್ಕ್ಯಾನ್ ಬರುವುದು ನಿಂತರೆ ಕಾರಣ ಇದೇ ಎಂದು ತಿಳಿಯಿರಿ. ಆ ಮಷೀನಿಗೆ ಪೆನ್‌ಡ್ರೈವ್ ಅಥವಾ ಇಮೇಲ್ ಮೂಲಕ ಸ್ಕ್ಯಾನ್ ಮಾಡುವ ಸೌಲಭ್ಯ ಇದ್ದರೆ ಬಳಸಿ, ಗುರುತನ್ನು ಮಾತ್ರ ಮತ್ತೆ ಹಾಕಬೇಡಿ. ವಿಂಡೋಸ್ 10ಕ್ಕೆ ಉಚಿತ ತೇಪೆಗಳ ಸಾಮಾನ್ಯ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನೂ ನಿಮ್ಮ ಕಾರ್ಯದರ್ಶಿಯವರ ಕಿವಿಗೆ ಹಾಕಿ.

ಪ್ರಶ್ನೆ: ನಂಜನಗೂಡಿನಲ್ಲಿ ಡಿಟಿಪಿ ಅಂಗಡಿ. ಲಗ್ನಪತ್ರಿಕೆಗಳ ಹತ್ತು ವರ್ಷದ ಫೈಲುಗಳಿಗೆ ಬೀಗ ಬಿದ್ದಿದೆ. 'ಏನೇ ಇರಲಿ ಬಿಡಿಸಿಕೊಡ್ತೀವಿ, 40 ಸಾವಿರ' ಅಂತ ಒಬ್ಬರು ಒಪ್ಪಿದ್ದಾರೆ. ಕೊಡಬಹುದೇ? ನೇರವಾಗಿ ಕಳ್ಳರಿಗೇ ಕೊಟ್ಟರೆ ಹೇಗೆ?

ಉತ್ತರ: 'ಏನೇ ಇರಲಿ' ಎಂಬ ಮಾತಿನಲ್ಲೇ ಅನುಮಾನವಿದೆ. ತಳಿ ಯಾವುದೆಂದು ನೋಡದೆ ಬಿಡಿಸುತ್ತೇನೆ ಎನ್ನುವವರ ಬಳಿ ಗುಟ್ಟಿನ ಕೀ ಇರುವುದಿಲ್ಲ. ಹೀಗೆ ಭರವಸೆ ಕೊಟ್ಟ ಕಂಪನಿಗಳು ಹಿಂಬಾಗಿಲಿನಿಂದ ಕಳ್ಳರಿಗೇ ಹಣ ಕೊಟ್ಟು, ಮೇಲೆ ತಮ್ಮ ಲಾಭ ಸೇರಿಸಿ ಬಿಲ್ ಮಾಡುತ್ತಿದ್ದುದನ್ನು 2019ರಲ್ಲಿ ಅಮೆರಿಕದ ಪತ್ರಕರ್ತರು ಬಯಲಿಗೆಳೆದಿದ್ದರು. ಮೂರು ಪ್ರಶ್ನೆ ಕೇಳಿ: ತಳಿ ಯಾವುದು? ಯಾವ ಸಾಫ್ಟ್‌ವೇರಿನಿಂದ ಬಿಡಿಸುತ್ತೀರಿ? ನಾನು ಆರಿಸಿಕೊಟ್ಟ ಐದು ಫೈಲನ್ನು ನನ್ನೆದುರೇ ಬಿಡಿಸುತ್ತೀರಾ? ತಡವರಿಸಿದರೆ ಎದ್ದು ಬನ್ನಿ. ಕಳ್ಳರೂ ಒಂದು ಫೈಲನ್ನು ಉಚಿತವಾಗಿ ಬಿಡಿಸಿ ತೋರಿಸುವುದುಂಟು, ಹಾಗಾಗಿ ಒಂದೇ ಫೈಲಿನ ಪುರಾವೆ ಸಾಲದು.

ತಳಿಯನ್ನು ನೀವೇ ಪತ್ತೆ ಮಾಡಬಹುದು. 'ಐಡಿ ರ‍್ಯಾನ್ಸಮ್‌ವೇರ್' ಎಂಬ ತಾಣಕ್ಕೆ ಬೆದರಿಕೆ ಪತ್ರ ಮತ್ತು ಬೀಗ ಬಿದ್ದ ಒಂದು ಫೈಲ್ ಹಾಕಿದರೆ ಹೆಸರು ಹೇಳುತ್ತದೆ, ಬಿಡಿಸುವ ದಾರಿ ಇದ್ದರೆ ಅದನ್ನೂ. ಗ್ರಾಹಕರ ಖಾಸಗಿ ವಿವರ ಇಲ್ಲದ ಫೈಲ್ ಆರಿಸಿ. ಯೂಟ್ಯೂಬಿನ ಕೆಳಗೆ ಕೊಂಡಿ ಕೊಟ್ಟಿರುವ 'ಎಲ್ಲ ತಳಿಗೂ ಒಂದೇ ಡಿಕ್ರಿಪ್ಟರ್' ಕಡೆ ತಿರುಗಿಯೂ ನೋಡಬೇಡಿ. 2020ರಲ್ಲಿ 'ಜೊರಾಬ್' ಎಂಬುದು ಡಿಜೆವಿಯು ಬಿಡಿಸುವ ಸಾಫ್ಟ್‌ವೇರಿನ ವೇಷದಲ್ಲಿ ಬಂದು, ಇದ್ದ ಬೀಗದ ಮೇಲೆ ಇನ್ನೊಂದು ಬೀಗ ಜಡಿಯಿತು.

ಕಳ್ಳರಿಗೆ ಕೊಡುವ ವಿಚಾರದಲ್ಲಿ ನಮ್ಮ ಅಭಿಪ್ರಾಯ: ಬೇಡ. ಅವರು ಕೇಳುವ ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣ ಹೋದ ಮೇಲೆ ರಸೀದಿಯೂ ಇಲ್ಲ, ಕೇಳುವವರೂ ಇಲ್ಲ. ಕೀ ಬಂದರೂ ದೊಡ್ಡ ಫೈಲುಗಳು ಅರ್ಧಕ್ಕೇ ಕೆಟ್ಟು ಬರುವುದುಂಟು. ಒಮ್ಮೆ ಕೊಟ್ಟವರ ಹೆಸರು 'ಕೊಡುವವರ ಪಟ್ಟಿ'ಗೆ ಸೇರುತ್ತದೆ. ನಿಮ್ಮ ವಿಷಯದಲ್ಲಂತೂ ಅಚ್ಚಾದ ಪತ್ರಿಕೆಗಳ ಪ್ರೂಫ್ ಪಿಡಿಎಫ್ ಗ್ರಾಹಕರ ವಾಟ್ಸ್ಆ್ಯಪ್‌ನಲ್ಲಿ, ಪ್ರಿಂಟಿಂಗ್ ಪ್ರೆಸ್ಸಿನ ಮೇಲ್‌ಬಾಕ್ಸಿನಲ್ಲಿ ಇದ್ದೇ ಇರುತ್ತವೆ. ಕಳಿಸಿದ ಮೇಲ್‌ಗಳನ್ನು ಮೊದಲು ಜಾಲಾಡಿ. ಮತ್ತೆ ಮತ್ತೆ ಬೇಕಾಗುವ ಡಿಸೈನ್ ಮೂವತ್ತೋ ನಲವತ್ತೋ ಇರಬಹುದು, ಪಿಡಿಎಫ್ ಕೈಯಲ್ಲಿದ್ದರೆ ಅವನ್ನು ಮತ್ತೆ ಕೂಡಿಸಲು ಎಷ್ಟು ದಿನ ಹಿಡಿಯುತ್ತದೆಂದು ಲೆಕ್ಕ ಹಾಕಿ, ಆಮೇಲೆ 40 ಸಾವಿರದ ಮಾತು.

ದೂರು ಕೊಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ, 1930ಕ್ಕೆ ಕರೆ ಮಾಡಿ, ಅಥವಾ ನೇರವಾಗಿ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ. ಬೆದರಿಕೆ ಪತ್ರದ ಪ್ರಿಂಟ್, ಅದರಲ್ಲಿನ ಇಮೇಲ್ ಮತ್ತು ಬಿಟ್‌ಕಾಯಿನ್ ವಿಳಾಸ, ಘಟನೆಯ ದಿನ ಮತ್ತು ಸಮಯ, ಬೀಗ ಬಿದ್ದ ಎರಡು ಮೂರು ಫೈಲು ಜೊತೆಗಿರಲಿ. ಕಂಪನಿ, ಸಂಸ್ಥೆಗಳಾದರೆ ವಿಷಯ ತಿಳಿದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನವಿದೆ. ಮೇಲಿನ ಮಂಡ್ಯದ ಓದುಗರೂ ಇದನ್ನು ಗಮನಿಸಬೇಕು.

ಪ್ರಶ್ನೆ: ಮೊಬೈಲಿಗೂ ಇದು ಬರುತ್ತಾ? (ಮದ್ದೂರು)

ಉತ್ತರ: ಫೈಲಿಗೆ ಬೀಗ ಹಾಕುವುದು ಮೊಬೈಲಿನಲ್ಲಿ ಅಪರೂಪ. ಅಲ್ಲಿ ಕದಿಯುವುದು ಒಟಿಪಿ, ಅದರಿಂದ ದುಡ್ಡು. ವಾಟ್ಸ್ಆ್ಯಪ್‌ನಲ್ಲಿ ಮದುವೆ ಕರೆಯೋಲೆ ಎಂದು ಎಪಿಕೆ (ಆಂಡ್ರಾಯ್ಡ್ ಆ್ಯಪ್) ಫೈಲ್ ಬಂದರೆ ಇನ್‌ಸ್ಟಾಲ್ ಮಾಡಬೇಡಿ, ಕರೆಯೋಲೆ ಫೋಟೊ ಅಥವಾ ಪಿಡಿಎಫ್ ಆಗಿರುತ್ತದೆ. ಮಾಡಿಬಿಟ್ಟಿದ್ದರೆ ಏರೋಪ್ಲೇನ್ ಮೋಡ್ ಹಾಕಿ, ಸೇಫ್ ಮೋಡಿನಲ್ಲಿ ಎಬ್ಬಿಸಿ, ಆ ಆ್ಯಪ್‌ಗೆ 'ಡಿವೈಸ್ ಅಡ್ಮಿನ್' ಅನುಮತಿ ಇದ್ದರೆ ಮೊದಲು ಅದನ್ನು ತೆಗೆದು, ಆಮೇಲೆ ಆ್ಯಪ್ ಅಳಿಸಿ. ಬ್ಯಾಂಕಿಗೆ ಇನ್ನೊಂದು ಫೋನಿನಿಂದ ಕರೆ ಮಾಡಿ.

ಪ್ರಶ್ನೆ: ಕುವೆಂಪುನಗರದ ಶಾಲೆಯೊಂದರ ಕಚೇರಿ. ಎಲ್ಲವೂ ಗೂಗಲ್ ಡ್ರೈವಿಗೆ ಸಿಂಕ್ ಆಗುತ್ತೆ, ಒಂದು ಎಕ್ಸ್‌ಟರ್ನಲ್ ಡಿಸ್ಕ್ ಸದಾ ಚುಚ್ಚಿಯೇ ಇರುತ್ತೆ. ಇಷ್ಟು ಸಾಕಲ್ಲವೇ?

ಉತ್ತರ: ಸಾಲದು. ಸದಾ ಚುಚ್ಚಿರುವ ಡಿಸ್ಕು ವೈರಸ್ ಕಣ್ಣಿಗೆ ಇನ್ನೊಂದು ಡ್ರೈವ್ ಅಷ್ಟೇ. ಸಿಂಕ್ ಅಂದರೆ ನಕಲು, ಬೀಗ ಬಿದ್ದರೆ ಅದನ್ನೂ ನಿಷ್ಠೆಯಿಂದ ನಕಲಿಸುತ್ತದೆ. ಗೂಗಲ್ ಡ್ರೈವಿನಲ್ಲಿ ಹಳೆಯ ಆವೃತ್ತಿಗಳು 30 ದಿನ ಇರುವುದರಿಂದ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಹಿಂದಿನದನ್ನು ತರಬಹುದು, ಅಳಿದದ್ದು ಟ್ರ್ಯಾಷ್‌ನಲ್ಲೂ 30 ದಿನ ಇರುತ್ತದೆ. ಆದರೆ ಎಂಟು ಸಾವಿರ ಫೈಲನ್ನು ಒಂದೊಂದಾಗಿ ತರುವವರು ಯಾರು?

ಎರಡು ಡಿಸ್ಕ್ ಇಟ್ಟುಕೊಳ್ಳಿ, ಒಂದಕ್ಕೆ ಕೆಂಪು ಚೀಟಿ, ಇನ್ನೊಂದಕ್ಕೆ ಹಸಿರು. ಈ ವಾರ ಕೆಂಪು, ಮುಂದಿನ ವಾರ ಹಸಿರು. ಪ್ರತಿ ಮುಗಿದೊಡನೆ 'ಇಜೆಕ್ಟ್' ಕೊಟ್ಟು ಕಿತ್ತು ಬೀರುವಿಗೆ, ಒಂದಂತೂ ಬೇರೆ ಕಟ್ಟಡದಲ್ಲಿರಲಿ. 500 ಜಿಬಿ ನಕಲಾಗಲು ಯುಎಸ್‌ಬಿ 3 ಡಿಸ್ಕಿನಲ್ಲಿ ಸೆಕೆಂಡಿಗೆ 100 ಎಂಬಿ ಲೆಕ್ಕದಲ್ಲಿ ಒಂದೂವರೆ ಗಂಟೆ. ಮುಂಭಾಗದ ಹಳೆ ಯುಎಸ್‌ಬಿ 2 ತೂತಿಗೆ ಚುಚ್ಚಿದರೆ ನಾಲ್ಕು ಗಂಟೆಯಾಗುತ್ತದೆ, ಹಾಗಾದಾಗಲೇ ಜನ ಬೇಸತ್ತು ಡಿಸ್ಕನ್ನು ಅಲ್ಲೇ ಬಿಟ್ಟು ಮನೆಗೆ ಹೋಗುವುದು. ನೀಲಿ ತೂತು ಹುಡುಕಿ ಚುಚ್ಚಿ. ನಕಲು ಮಾಡುವ ಸಾಫ್ಟ್‌ವೇರಿನಲ್ಲಿ 'ಮಿರರ್' ಆರಿಸಿದ್ದರೆ, ಕಂಪ್ಯೂಟರಿನಲ್ಲಿ ಇಲ್ಲದ್ದನ್ನು ಡಿಸ್ಕಿನಿಂದಲೂ ಅಳಿಸುತ್ತದೆ. ಬೀಗ ಬಿದ್ದದ್ದು ಗೊತ್ತಾಗದೆ ಅದನ್ನು ಓಡಿಸಿದ ದಿನ ಒಳ್ಳೆ ಪ್ರತಿಗಳು ಹೋಗಿ ಬಾಲ ಬೆಳೆದವು ಬಂದು ಕೂರುತ್ತವೆ. ಹಾಗಾಗಿ ಚುಚ್ಚುವ ಮುಂಚೆ ಕಂಪ್ಯೂಟರಿನಲ್ಲಿ ನಾಲ್ಕು ಫೈಲ್ ತೆರೆದು ನೋಡುವ ರೂಢಿ ಮಾಡಿ. ತಿಂಗಳಿಗೊಮ್ಮೆ ಡಿಸ್ಕಿನಿಂದಲೂ ಒಂದು ಅಂಕಪಟ್ಟಿ ತೆರೆದು ನೋಡಿ.

ವಿಂಡೋಸ್ ಸೆಕ್ಯುರಿಟಿಯ 'ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್' ಒಳಗೆ 'ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್' ಇದೆ. ಗುರುತಿಲ್ಲದ ಸಾಫ್ಟ್‌ವೇರ್ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳನ್ನು ತಿದ್ದದಂತೆ ತಡೆಯುತ್ತದೆ. ಬೇರೆ ಆಂಟಿವೈರಸ್ ಹಾಕಿದ್ದರೆ ಇದು ನಡೆಯದು. ಆನ್ ಮಾಡಿದ ಮರುದಿನ ಶಾಲೆಯ ಶುಲ್ಕದ ಸಾಫ್ಟ್‌ವೇರ್ 'ಸೇವ್ ಆಗುತ್ತಿಲ್ಲ' ಎಂದರೆ ಅದನ್ನು 'ಅಲೋ' ಪಟ್ಟಿಗೆ ಸೇರಿಸಿ, ಇಡೀ ರಕ್ಷಣೆಯನ್ನೇ ಆಫ್ ಮಾಡಬೇಡಿ.

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ, ಜಯಲಕ್ಷ್ಮೀಪುರಂ. 2020ರಲ್ಲಿ ಬೀಗ ಬಿದ್ದ ಮೊಮ್ಮಕ್ಕಳ ಫೋಟೊಗಳ ಡಿಸ್ಕ್ ಇನ್ನೂ ಇದೆ. ಮಗ ಬಿಸಾಡಿ ಅಂತಾನೆ.

ಉತ್ತರ: ಬಿಸಾಡಬೇಡಿ ಮೇಷ್ಟ್ರೇ. 'ಟೆಸ್ಲಾಕ್ರಿಪ್ಟ್' ಎಂಬ ತಳಿ ನಡೆಸುತ್ತಿದ್ದವರು 2016ರಲ್ಲಿ ಅಂಗಡಿ ಮುಚ್ಚುವಾಗ ಮೂಲ ಕೀಯನ್ನೇ ಕೊಟ್ಟು ಹೋದರು. 'ಶೇಡ್' ಗುಂಪು 2020ರಲ್ಲಿ ಏಳೂವರೆ ಲಕ್ಷ ಕೀಗಳನ್ನು ಬಿಟ್ಟುಕೊಟ್ಟಿತು. ನಿಮ್ಮ ತಳಿಯ ಕೀ ಎಂದು ಬರುತ್ತದೋ, ಬರುತ್ತದೋ ಇಲ್ಲವೋ, ಆದರೆ ಡಿಸ್ಕು ಅನ್ನ ಕೇಳುವುದಿಲ್ಲ. ಬೀಗ ಬಿದ್ದ ಫೈಲುಗಳ ಜೊತೆ ಬೆದರಿಕೆ ಪತ್ರವೂ ಇರಬೇಕು, ಐಡಿ ಇರುವುದು ಅದರಲ್ಲೇ. ಅದಿಲ್ಲದೆ ಮುಂದೆ ಡಿಕ್ರಿಪ್ಟರ್ ಬಂದರೂ ಕಷ್ಟವಾಗಬಹುದು. ಪೆನ್‌ಡ್ರೈವಿನಲ್ಲೋ ಎಸ್‌ಎಸ್‌ಡಿಯಲ್ಲೋ ಇಟ್ಟಿದ್ದರೆ ತಿರುಗುವ ಹಾರ್ಡ್ ಡಿಸ್ಕಿಗೆ ವರ್ಗಾಯಿಸಿ, ವಿದ್ಯುತ್ ಕಾಣದೆ ವರ್ಷಗಟ್ಟಲೆ ಕುಳಿತರೆ ಆ ಎರಡರಲ್ಲೂ ಬರೆದದ್ದು ಮಾಸಬಹುದು. ಡಿಸ್ಕಿನ ಮೇಲೆ ಚೀಟಿ ಅಂಟಿಸಿ ತಳಿಯ ಹೆಸರು, ಬಾಲ, ಬೀಗ ಬಿದ್ದ ತಿಂಗಳು ಬರೆದಿಡಿ. ಯುಗಾದಿಗೊಮ್ಮೆ, ದಸರೆಗೊಮ್ಮೆ ನೋ ಮೋರ್ ರ‍್ಯಾನ್ಸಮ್ ತಾಣದಲ್ಲಿ ಆ ಹೆಸರು ಹುಡುಕಿಸಿ ನೋಡಿ.